ಮಲ್ಲಿತಮ್ಮ ಕೆತ್ತಿದ್ದು ಜೋಳದ ತೆನೆನಾ?

ಕಳೆದ ತಿಂಗಳು ದೊಡ್ಡಪ್ಪನ್ನ ಸೋಮನಾಥಪುರಕ್ಕೆ ಕರ್ಕೊಂಡು ಹೋಗಿದ್ದೆ. ಅವರ ಕೈಚೀಲದಲ್ಲಿ ಟವೆಲ್ಲು, ನೀರಿನ ಬಾಟ್ಲಿ, ಎಲೆ ಅಡಿಕೆ ಪೊಟ್ಟಣದ ಜೊತೆ ಒಂದು ಮುಸುಕಿನ ಜೋಳದ ತೆನೆ ಇತ್ತು, ಅವತ್ತು ಬೆಳಗ್ಗೆ ಹೊಲದಿಂದ ಮುರ್ಕೊಂಡು ಬಂದಿದ್ದು. ತರೋಕೆ ಹೇಳಿದ್ದು ನಾನೇ. "ಗುಡಿಗೆ ತೆಂಗಿನಕಾಯಿ ತಗೊಂಡೋಯ್ತಾರೆ, ಜ್ವಾಳ ಯಾಕವ್ವ?" ಅಂತ ಕೇಳಿದ್ರು. "ಬನ್ನಿ ದೊಡ್ಡಪ್ಪ, ಅಲ್ಲಿ ಹೇಳ್ತೀನಿ" ಅಂದೆ.

ಇದರ ಹಿಂದೆ ಒಂದು ಹಳೇ ಕಥೆ ಇದೆ. ಆರನೇ ಕ್ಲಾಸಲ್ಲಿ ಸ್ಕೂಲಿಂದ ಸೋಮನಾಥಪುರಕ್ಕೆ ಟೂರ್ ಹೋಗಿದ್ವಿ, ಅಲ್ಲಿ ಗೈಡ್ ಒಬ್ಬರು ಹೊರಗೋಡೆ ಮೇಲಿನ ಒಂದು ಮೂರ್ತಿ ತೋರಿಸಿ, ನೋಡಿ ಮಕ್ಕಳೇ ದೇವಿ ಕೈಲಿ ಏನಿದೆ ಅಂದ್ರು. ಕೈಲಿ ಉದ್ದಕ್ಕೆ, ತುದಿ ಕಡೆ ಸಣ್ಣಗಾಗೋ, ಮೈತುಂಬ ಕಾಳು ಕಾಳು ಇರೋ ಒಂದು ವಸ್ತು. ಜೋಳ ಸಾರ್ ಅಂತ ನಾವೆಲ್ಲ ಒಟ್ಟಿಗೆ ಕೂಗಿದ್ವಿ. "ಮುಸುಕಿನ ಜೋಳ ಅಮೆರಿಕದ ಬೆಳೆ, ಕೊಲಂಬಸ್ ಅಲ್ಲಿಗೆ ಹೋಗಿದ್ದು 1492ರಲ್ಲಿ, ಈ ಗುಡಿ ಕಟ್ಟಿದ್ದು 1268ರಲ್ಲಿ, ಈಗ ನೀವೇ ಲೆಕ್ಕ ಹಾಕಿ" ಅಂದ್ರು. ಲೆಕ್ಕ ಹಾಕಿದ್ರೆ 224 ವರ್ಷ. ಅಂದ್ರೆ ನಮ್ಮೋರು ಕೊಲಂಬಸ್‌ಗಿಂತ 224 ವರ್ಷ ಮುಂಚೆನೇ ಹಡಗಲ್ಲಿ ಅಮೆರಿಕಕ್ಕೆ ಹೋಗಿ ಬಂದಿದ್ರು! ಆ ವಯಸ್ಸಲ್ಲಿ ಇದನ್ನ ಕೇಳಿ ಮೈ ಜುಮ್ ಅಂದಿತ್ತು, ಮನೆಗೆ ಬಂದು ಅಪ್ಪನಿಗೆ ಹೇಳಿದೆ, ಕಾಲೇಜಲ್ಲಿ ಫ್ರೆಂಡ್ಸ್‌ಗೆ ಹೇಳಿದೆ, ಕೆಲಸಕ್ಕೆ ಸೇರಿದ ಮೇಲೂ ಊಟದ ಹೊತ್ತಲ್ಲಿ ಎಷ್ಟು ಸಲ ಹೇಳಿದೀನೋ ಲೆಕ್ಕ ಇಲ್ಲ.

ಆಮೇಲೆ ಗೊತ್ತಾಗಿದ್ದು ಇದು ಆ ಗೈಡ್ ಕಟ್ಟಿದ ಕಥೆ ಅಲ್ಲ ಅಂತ. ಅಮೆರಿಕದ ಆರೆಗಾನ್ ಯೂನಿವರ್ಸಿಟಿಯ ಭೂಗೋಳ ಪ್ರೊಫೆಸರ್ ಕಾರ್ಲ್ ಯೋಹಾನೆಸ್ಸನ್ ಅನ್ನೋರು, ಆನ್ ಪಾರ್ಕರ್ ಅನ್ನೋರ ಜೊತೆ ಸೇರ್ಕೊಂಡು, 1989ರಲ್ಲಿ ಎಕನಾಮಿಕ್ ಬಾಟನಿ ಅನ್ನೋ ಜರ್ನಲ್‌ನಲ್ಲಿ ಇದನ್ನ ಗಂಭೀರವಾಗಿ ಬರೆದಿದ್ರು. ಸೋಮನಾಥಪುರ ಮತ್ತೆ ಮೈಸೂರಿನ ಸುತ್ತಮುತ್ತಲ ಹೊಯ್ಸಳ ಗುಡಿಗಳಲ್ಲಿ ಮೂರ್ತಿಗಳ ಕೈಲಿರೋದು ಮುಸುಕಿನ ಜೋಳದ ತೆನೆ, ಹಾಗಾಗಿ ಕೊಲಂಬಸ್‌ಗೆ ಮುಂಚೆನೇ ಈ ಎರಡು ಖಂಡಗಳ ನಡುವೆ ಸಮುದ್ರದ ಮೇಲೆ ಓಡಾಟ ಇತ್ತು ಅನ್ನೋದು ಅವರ ವಾದ. ಕಾಳಿನ ಸಾಲು, ಉದ್ದ ದಪ್ಪದ ಅನುಪಾತ, ತುದಿ ಸಣ್ಣಗಾಗೋ ರೀತಿ ಎಲ್ಲ ಅಳೆದು ನೋಡಿದ್ರು. ಸುಮ್ನೆ ಹಾರಿಸಿದ ಮಾತಲ್ಲ, ಆ ಮನುಷ್ಯ ನಿಜವಾಗ್ಲೂ ಬಿಸಿಲಲ್ಲಿ ನಿಂತು ಕೆಲಸ ಮಾಡಿದಾರೆ, ಅದಕ್ಕೆ ನಂಗೆ ಗೌರವ ಇದೆ.

ಅದಕ್ಕೆ ಉತ್ತರ ಕೊಟ್ಟೋರು ನಮ್ಮ ದೇಶದೋರೇ. ಜೋಳದ ಮೇಲೇ ಕೆಲಸ ಮಾಡಿದ ವಿಜ್ಞಾನಿಗಳು ಪಾಯಕ್ ಮತ್ತು ಸಚಾನ್, ಅದೇ ಜರ್ನಲ್‌ನಲ್ಲಿ 1993ರಲ್ಲಿ, ಭಾಷೆ, ಧರ್ಮ, ಶಿಲ್ಪ, ಪುರಾತತ್ವ, ಸಸ್ಯಶಾಸ್ತ್ರ ಹೀಗೆ ಎಲ್ಲ ಕಡೆಯಿಂದ ನೋಡಿ, ಇದು ಜೋಳ ಅಲ್ಲ ಅಂದ್ರು. ಹಾಗಾದ್ರೆ ಏನು ಅಂದ್ರೆ, ಮುಕ್ತಾಫಲ. ಮುತ್ತುಗಳನ್ನ ಹೊದ್ದಿರೋ, ಶಿಲ್ಪಿಯ ಕಲ್ಪನೆಯ ಒಂದು ಹಣ್ಣು. ಇದನ್ನ ಮೊದಲ ಸಲ ಓದಿದಾಗ ನಿಜ ಹೇಳ್ತೀನಿ, ನಂಗೆ ಬೇಜಾರಾಯ್ತು. ಚಿಕ್ಕಂದಿನಿಂದ ಇಟ್ಕೊಂಡಿದ್ದ ಒಂದು ಹೆಮ್ಮೆನ ಯಾರೋ ಕೈಯಿಂದ ಕಿತ್ಕೊಂಡ ಹಾಗೆ. ಒಂದೆರಡು ವರ್ಷ ಅದನ್ನ ಒಪ್ಕೊಳ್ಳೋಕೇ ಆಗ್ಲಿಲ್ಲ, ನಮ್ಮೋರೇ ನಮ್ಮ ಹಿರಿಮೆನ ಯಾಕೆ ತೆಗೆದುಹಾಕ್ತಾರೆ ಅಂತ ಅನ್ನಿಸ್ತಿತ್ತು. ಅದಕ್ಕೇ ಈ ಸಲ ದೊಡ್ಡಪ್ಪನ್ನ ಕರ್ಕೊಂಡು ಹೋಗಿದ್ದು. ಅವರು ಮೂವತ್ತು ವರ್ಷದಿಂದ ಮುಸುಕಿನ ಜೋಳ ಬೆಳೀತಿದಾರೆ, ನನಗೂ ಆ ಪ್ರೊಫೆಸರಿಗೂ ಗೊತ್ತಿಲ್ಲದ್ದು ಅವರ ಕೈಗೆ ಗೊತ್ತಿರುತ್ತೆ.

ಚಪ್ಪಲಿ ಬಿಟ್ಟು ಜಗತಿ, ಅಂದ್ರೆ ಗುಡಿ ನಿಂತಿರೋ ಎತ್ತರದ ಕಟ್ಟೆ, ಹತ್ತಿದ್ವಿ. ಕಲ್ಲು ಆಗಲೇ ಕಾಯ್ತಿತ್ತು. ಒಂದು ಸುತ್ತು ದೊಡ್ಡಪ್ಪ ಏನೂ ಮಾತಾಡದೆ ನೋಡಿದ್ರು, ಎರಡನೇ ಸುತ್ತಲ್ಲಿ ಚೀಲದಿಂದ ತೆನೆ ತೆಗೆದು ಸಿಪ್ಪೆ ಸುಲಿದು, ಮೂರ್ತಿಗಳ ಎದುರಿಗೆ ಒಂದೊಂದಾಗಿ ದೂರದಿಂದಲೇ ಹಿಡಿದು ನೋಡ್ತಾ ಬಂದ್ರು. ಅಲ್ಲಿದ್ದೋರೆಲ್ಲ ನಮ್ಮನ್ನೇ ನೋಡ್ತಿದ್ರು, ಅವರಿಗೆ ಅದರ ಕಡೆ ಗಮನ ಇಲ್ಲ.

"ಇದು ಅಂಗೇ ಐತೆ ಕಣವ್ವ" ಅಂದ್ರು ಒಂದು ಮೂರ್ತಿ ಹತ್ರ. ನಂಗೆ ಖುಷಿ ಆಯ್ತು. ಸ್ವಲ್ಪ ಮುಂದೆ ಹೋಗಿ, "ಇದು ಅಲ್ಲ. ಇದು ಕುಳ್ಳುಗೈತೆ, ಹಲಸಿನ ಮಿಡಿ ಇದ್ದಂಗೈತೆ" ಅಂದ್ರು. ಇನ್ನೊಂದು ಕಡೆ, "ಇದ್ರಲ್ಲಿ ಕಾಳು ಓರೆಗೆ ಸುತ್ಕೊಂಡು ಹೋಗೈತೆ. ನಮ್ ತೆನೆ ನೋಡು, ಬುಡದಿಂದ ತುದಿಗಂಟ ನೇರ ಸಾಲು." ಆಮೇಲೆ ಒಂದು ಮಾತು ಹೇಳಿದ್ರು, ಅದು ನಂಗೆ ಎಷ್ಟು ಓದಿದ್ರೂ ಹೊಳೆದಿರಲಿಲ್ಲ. "ಆ ಹಣ್ಣಿನ ಮ್ಯಾಗಿರೋ ಕಾಳೂ, ಆ ದೇವ್ರ ಕಿರೀಟದ ಮ್ಯಾಗಿರೋ ಮಣೀನೂ ಒಂದೇ ಅಲ್ವ?"

ನಿಂತು ನೋಡಿದೆ. ಹೌದು. ಕಿರೀಟದಲ್ಲಿ ಅದೇ ಮುತ್ತಿನ ಸಾಲು, ಕೊರಳ ಹಾರದಲ್ಲಿ ಅದೇ ಮಣಿ, ಸೊಂಟದ ಡಾಬಿನಲ್ಲಿ ಅದೇ, ಕಾಲಂದುಗೆಯಲ್ಲೂ ಅದೇ. ಹೊಯ್ಸಳ ಶಿಲ್ಪಿಗಳು ಕೆಲಸ ಮಾಡಿದ್ದು ಬಳಪದ ಕಲ್ಲಲ್ಲಿ. ಗಣಿಯಿಂದ ತೆಗೆದಾಗ ಮೆತ್ತಗಿರುತ್ತೆ, ಗಾಳಿಗೆ ಬಿಟ್ಟ ಮೇಲೆ ಗಟ್ಟಿಯಾಗುತ್ತೆ ಅಂತಾರೆ, ಹಾಗಾಗಿ ಮರದಲ್ಲೋ ದಂತದಲ್ಲೋ ಕೆತ್ತೋ ಸೂಕ್ಷ್ಮ ಕೆಲಸನ ಆ ಕಲ್ಲಲ್ಲಿ ಮಾಡಬಹುದು. ಆ ಕೈಗಳಿಗೆ ಒಂದು ಅಂಗುಲ ಜಾಗ ಖಾಲಿ ಬಿಡೋ ಅಭ್ಯಾಸನೇ ಇರ್ಲಿಲ್ಲ. ಅಂಥೋರು ದೇವರ ಕೈಗೆ ಒಂದು ಹಣ್ಣು ಕೊಟ್ರೆ ಅದನ್ನ ನುಣ್ಣಗೆ ಬಿಟ್ಟುಬಿಡ್ತಾರಾ? ಅದಕ್ಕೂ ಮುತ್ತು ಪೋಣಿಸ್ತಾರೆ. ಲಕ್ಷ್ಮಿ ಕೈಲಿ, ಕುಬೇರನ ಕೈಲಿ ಮಾದಲದ ಹಣ್ಣು ಇರೋದು ನಮ್ಮ ಶಿಲ್ಪಶಾಸ್ತ್ರದಲ್ಲಿ ಹಳೇ ಪದ್ಧತಿ. ಫಲ ಅಂದ್ರೆ ಸಮೃದ್ಧಿ, ಬೀಜ, ಸಂತಾನ. ಆ ಫಲಕ್ಕೆ ಒಡವೆ ಹಾಕಿದ್ರೆ ಮುಕ್ತಾಫಲ.

ಯೋಹಾನೆಸ್ಸನ್ ಕಡೆಯವರು ಇದಕ್ಕೂ ಉತ್ತರ ಇಟ್ಟಿದ್ರು ಅನ್ನೋದನ್ನೂ ಹೇಳಬೇಕು. ಒಂದೊಂದು ಕೆತ್ತನೆ ಒಂದೊಂದು ಥರ ಇರೋದೇ ಸಾಕ್ಷಿ, ಯಾಕಂದ್ರೆ ನಿಜವಾದ ತೆನೆಗಳೂ ಒಂದರ ಹಾಗೆ ಇನ್ನೊಂದಿರಲ್ಲ, ಶಿಲ್ಪಿಗಳು ಬೇರೆ ಬೇರೆ ತೆನೆ ಎದುರಿಗಿಟ್ಕೊಂಡು ಕೆತ್ತಿರಬೇಕು ಅನ್ನೋ ಥರದ ವಾದ. ಕೇಳೋಕೆ ಚೆನ್ನಾಗಿದೆ. ಆದ್ರೆ ಒಂದೇ ಥರ ಇದ್ರೂ ಜೋಳ, ಬೇರೆ ಬೇರೆ ಇದ್ರೂ ಜೋಳ ಅನ್ನೋದಾದ್ರೆ, ಜೋಳ ಅಲ್ಲ ಅಂತ ತೋರಿಸೋಕೆ ಆ ಕಲ್ಲಲ್ಲಿ ಇನ್ನೇನಿರಬೇಕಿತ್ತು?

ನನಗೆ ಇದಕ್ಕಿಂತ ದೊಡ್ಡ ಸಾಕ್ಷಿ ಅನ್ನಿಸೋದು ಹೊಲ. ಮುಸುಕಿನ ಜೋಳ ಕಾಡಲ್ಲಿ ತಾನಾಗಿ ಬೆಳೆಯೋ ಗಿಡ ಅಲ್ಲ. ಮೆಕ್ಸಿಕೋದ ಜನ ಸುಮಾರು 9000 ವರ್ಷದ ಹಿಂದೆ ಟಿಯೊಸಿಂಟೆ ಅನ್ನೋ ಒಂದು ಹುಲ್ಲನ್ನ, ಬೆರಳಷ್ಟೂ ಇಲ್ಲದ ತೆನೆ, ಕಲ್ಲಿನ ಥರದ ನಾಲ್ಕು ಕಾಳು ಬಿಡೋ ಹುಲ್ಲನ್ನ, ತಲೆಮಾರಿನಿಂದ ತಲೆಮಾರಿಗೆ ಆರಿಸಿ ಆರಿಸಿ ಈ ತೆನೆ ಮಾಡಿದಾರೆ. ಈಗ ಅದು ತನ್ನ ಬೀಜ ತಾನೇ ಉದುರಿಸಲ್ಲ, ಮುಸುಕು ಬಿಚ್ಚಿ ಕಾಳು ಬಿಡಿಸಿ ಯಾರಾದ್ರೂ ಬಿತ್ತಬೇಕು. ಅಂದ್ರೆ ಹೊಯ್ಸಳರ ಕಾಲದಲ್ಲಿ ಆ ತೆನೆ ಇಲ್ಲಿತ್ತು ಅಂದ್ರೆ ಅದನ್ನ ಪ್ರತಿ ವರ್ಷ ಬಿತ್ತೋ ರೈತರಿದ್ರು ಅಂತ ಅರ್ಥ. ರೈತರಿದ್ರೆ ಕಣ ಇರುತ್ತೆ, ಹಗೇವು ಇರುತ್ತೆ, ಒಲೇಲಿ ಸುಟ್ಟು ಕರಿಕಾದ ನಾಲ್ಕು ಕಾಳಾದ್ರೂ ಮಣ್ಣಲ್ಲಿ ಉಳಿಯುತ್ತೆ. ಬಳ್ಳಾರಿ ಹತ್ರ ಸಂಗನಕಲ್ಲಲ್ಲಿ ಮೂರೂವರೆ ಸಾವಿರ ವರ್ಷಕ್ಕೂ ಹಿಂದಿನ ಹುರುಳಿ, ಹೆಸರು ಕಾಳು ಸುಟ್ಟ ಸ್ಥಿತಿಯಲ್ಲಿ ಸಿಕ್ಕಿವೆ, ಅಷ್ಟು ಹಳೇ ಹುರುಳಿ ಸಿಗುತ್ತೆ ಅಂದ್ಮೇಲೆ 13ನೇ ಶತಮಾನದ ಜೋಳ ಸಿಗಬೇಕಿತ್ತಲ್ಲ? ಕೊಲಂಬಸ್‌ಗೆ ಮುಂಚಿನ ಒಂದೇ ಒಂದು ಮುಸುಕಿನ ಜೋಳದ ಕಾಳು ಕೂಡ ಎಲ್ಲರೂ ಒಪ್ಪೋ ಹಾಗೆ ನಮ್ಮ ನೆಲದಿಂದ ಹೊರಗೆ ಬಂದಿಲ್ಲ. ಹೊಯ್ಸಳರ ಶಾಸನಗಳಲ್ಲಿ ಭತ್ತ ಇದೆ, ಕಬ್ಬಿದೆ, ಅಡಿಕೆ, ತೆಂಗು, ವೀಳ್ಯದೆಲೆ ತೋಟ ಇದೆ, ಯಾವುದರ ಮೇಲೆ ಎಷ್ಟು ತೆರಿಗೆ ಅಂತ ಇದೆ. ದೇವರ ಕೈಗೆ ಕೊಡೋವಷ್ಟು ದೊಡ್ಡ ಬೆಳೆ ತೆರಿಗೆಯವನ ಕಣ್ಣಿಗೆ ಬೀಳದೆ ಹೋಗುತ್ತಾ?

ಭಾಷೆನೂ ಏನೋ ಹೇಳುತ್ತೆ. ಮೆಣಸು ನಮ್ಮದು, ಅಮೆರಿಕದಿಂದ ಬಂದ ಖಾರಕ್ಕೆ ನಮ್ಮ ಜನ ಹೊಸ ಹೆಸರು ಹುಡುಕಲಿಲ್ಲ, ಗೊತ್ತಿದ್ದ ಮೆಣಸಿನ ಹೆಸರನ್ನೇ ಹಿಡ್ಕೊಂಡು ಮೆಣಸಿನಕಾಯಿ ಅಂದ್ರು. ಹಾಗೇ ಜೋಳ ಮೊದಲೇ ಇತ್ತು, ಮುಸುಕು ಹಾಕ್ಕೊಂಡು ಬಂದ ಹೊಸದಕ್ಕೆ ಮುಸುಕಿನ ಜೋಳ ಅಂದ್ರು, ಉತ್ತರ ಕರ್ನಾಟಕದ ಕಡೆ ಗೋವಿನಜೋಳ ಅಂದ್ರು. ತಡವಾಗಿ ಬಂದ ನೆಂಟನಿಗೆ ಮನೇಲಿದ್ದೋರ ಹೆಸರು ಸೇರಿಸಿ ಕರೆದ ಹಾಗಿದೆ ನಂಗೆ.

ಇನ್ನೊಂದು ವಿಷಯ, ಇದನ್ನ ಬರೀಬೇಕು ಅಂತ ಕೂತಿದ್ದೇ ಇದಕ್ಕೋಸ್ಕರ. ಸೋಮನಾಥಪುರದ ಥರದ ಜಗಳ ಪ್ರಪಂಚದಲ್ಲಿ ಬೇಕಾದಷ್ಟಿವೆ, ಓದ್ತಾ ಹೋದ್ರೆ ಒಂದು ಬೇಸರದ ವಿಷಯ ಕಾಣ್ಸುತ್ತೆ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಟಾಂಟನ್ ನದಿ ದಡದಲ್ಲಿ ಡೈಟನ್ ರಾಕ್ ಅಂತ ಒಂದು ಬಂಡೆ ಇತ್ತು, ಸುಮಾರು 40 ಟನ್ ತೂಕ, ಉಬ್ಬರ ಬಂದಾಗ ನೀರಲ್ಲಿ ಮುಳುಗಿ ಇಳಿತಕ್ಕೆ ಮೇಲೆ ಕಾಣ್ತಿತ್ತು. ಅದರ ಮೈಮೇಲೆ ಗೆರೆಗಳು, ಮನುಷ್ಯರ ಥರದ ಆಕಾರಗಳು, ಗುರುತುಗಳು. 1680ರಲ್ಲಿ ಜಾನ್ ಡ್ಯಾನ್‌ಫೋರ್ತ್ ಅನ್ನೋ ಪಾದ್ರಿ ಅದರ ಚಿತ್ರ ಬರ್ಕೊಂಡ. 1783ರಲ್ಲಿ ಎಜ್ರಾ ಸ್ಟೈಲ್ಸ್ ಅನ್ನೋ ವಿದ್ವಾಂಸ ಇದು ಫಿನೀಷಿಯನ್ನರು, ಅಂದ್ರೆ ಈಗಿನ ಲೆಬನಾನ್ ಕಡೆಯ ಹಳೇ ಕಾಲದ ನಾವಿಕರು, ಬರೆದಿದ್ದು ಅಂದ. 1837ರಲ್ಲಿ ಡೆನ್ಮಾರ್ಕಿನ ಕಾರ್ಲ್ ಕ್ರಿಸ್ಟಿಯನ್ ರಾಫ್ನ್ ಇಲ್ಲ ಇದು ವೈಕಿಂಗರದ್ದು, ಉತ್ತರ ಯುರೋಪಿನ ಹಳೇ ನಾವಿಕರದ್ದು ಅಂದ. 20ನೇ ಶತಮಾನದ ಶುರುವಲ್ಲಿ ಎಡ್ಮಂಡ್ ಡೆಲಬಾರ್ ಅನ್ನೋ ಪ್ರೊಫೆಸರ್ ಅದೇ ಗೆರೆಗಳಲ್ಲಿ ಮಿಗೆಲ್ ಕೊರ್ಟೆ ರಿಯಲ್ ಅನ್ನೋ ಪೋರ್ಚುಗೀಸ್ ನಾವಿಕನ ಹೆಸರು, 1511 ಅನ್ನೋ ಇಸವಿ ಓದಿದ. ಒಂದೇ ಬಂಡೆ, ಒಬ್ಬೊಬ್ಬರಿಗೆ ಒಂದೊಂದು ಭಾಷೆ. ಯಾರು ಏನು ನೋಡ್ಬೇಕು ಅಂತ ಬಂದಿದ್ರೋ ಅದೇ ಕಂಡಿದೆ.

ಆ ನದಿ ದಡದಲ್ಲಿ ಸಾವಿರಾರು ವರ್ಷದಿಂದ ಇದ್ದೋರು ಯಾರು? ಅಲ್ಲಿನ ಮೂಲ ಜನ, ವಾಂಪನೋಗ್. ಡ್ಯಾನ್‌ಫೋರ್ತ್ ಚಿತ್ರ ಬರೆಯೋಕೆ ನಾಲ್ಕು ವರ್ಷ ಮುಂಚೆ ತಾನೇ, 1675 ಮತ್ತು 76ರ ಯುದ್ಧದಲ್ಲಿ ಅವರಲ್ಲಿ ಎಷ್ಟೋ ಜನ ಸತ್ತು, ಎಷ್ಟೋ ಜನ ಗುಲಾಮರಾಗಿ ಮಾರಾಟವಾಗಿ, ನೆಲ ಕೈತಪ್ಪಿ ಹೋಗಿತ್ತು. ಆಮೇಲೆ ಇನ್ನೂರು ಮುನ್ನೂರು ವರ್ಷ ಆ ಬಂಡೆನ ಫಿನೀಷಿಯನ್ನರಿಗೆ ಕೊಟ್ರು, ವೈಕಿಂಗರಿಗೆ ಕೊಟ್ರು, ಪೋರ್ಚುಗೀಸರಿಗೆ ಕೊಟ್ರು, ಪಕ್ಕದಲ್ಲೇ ಇದ್ದೋರಿಗೆ ಕೊಡೋಕೆ ಮಾತ್ರ ಎಷ್ಟು ಜನಕ್ಕೆ ಮನಸ್ಸಾಗ್ಲಿಲ್ಲ ನೋಡಿ. ಟೆನೆಸೀಯಲ್ಲಿ 1889ರಲ್ಲಿ ಒಂದು ಹಳೇ ದಿಬ್ಬ ಅಗೆದಾಗ ಬ್ಯಾಟ್ ಕ್ರೀಕ್ ಕಲ್ಲು ಅಂತ ಒಂದು ಸಣ್ಣ ಕಲ್ಲು ಸಿಕ್ತು ಅಂದ್ರು, ಮೊದಲು ಅದು ಅಲ್ಲಿನ ಮೂಲ ಜನ ಚೆರೋಕಿಗಳ ಅಕ್ಷರ ಅಂದ್ಕೊಂಡಿದ್ರು, 1970ರ ದಶಕದಲ್ಲಿ ಸೈರಸ್ ಗಾರ್ಡನ್ ಅನ್ನೋ ವಿದ್ವಾಂಸ ಕಲ್ಲನ್ನ ತಿರುಗಿಸಿ ಇಟ್ಟು ಹಳೇ ಹೀಬ್ರೂ ಅಂತ ಓದಿದ, ಯಹೂದಿಗಳು ಸಮುದ್ರ ದಾಟಿ ಬಂದಿದ್ರು ಅನ್ನೋ ವಾದ ಹುಟ್ಕೊಂಡ್ತು. 2004ರಲ್ಲಿ ಇಬ್ಬರು ಪುರಾತತ್ವದೋರು ಆ ಅಕ್ಷರಗಳ ಮೂಲನ 1870ರಲ್ಲಿ ಅಚ್ಚಾದ ಫ್ರೀಮೇಸನ್ ಅನ್ನೋ ಗುಪ್ತ ಸಂಘದೋರ ಒಂದು ಪುಸ್ತಕದಲ್ಲೇ ಹುಡುಕಿ ತೋರಿಸಿದ್ರು. ಬ್ರೆಜಿಲ್‌ನ ಪರೈಬಾ ಶಾಸನ, ಅದೂ ಫಿನೀಷಿಯನ್ನರದ್ದು ಅಂದಿದ್ದು, ಇನ್ನೂ ಒಂದು ಹೆಜ್ಜೆ ಮುಂದೆ, 1872ರಲ್ಲಿ ಬಂದಿದ್ದು ಒಂದು ಪತ್ರ ಮತ್ತು ಅಕ್ಷರಗಳ ನಕಲು ಮಾತ್ರ, ಕಲ್ಲನ್ನ ಇವತ್ತಿನವರೆಗೂ ವಿದ್ವಾಂಸರು ಯಾರೂ ಕಣ್ಣಲ್ಲಿ ನೋಡಿಲ್ಲ.

ಹಾಗಂತ ಹಳೇ ಕಾಲದೋರು ಸಮುದ್ರ ದಾಟಿಲ್ಲ ಅಂತ ನಾನು ಹೇಳ್ತಿಲ್ಲ. ದಾಟಿದಾರೆ! ವೈಕಿಂಗರು ಅಮೆರಿಕಕ್ಕೆ ಹೋಗಿದ್ದು ನಿಜ. ಕೆನಡಾದ ನ್ಯೂಫೌಂಡ್‌ಲ್ಯಾಂಡ್ ತುದಿಯ ಲಾನ್ಸ್ ಓ ಮೆಡೋಸ್‌ನಲ್ಲಿ 1960ರಲ್ಲಿ ನಾರ್ವೆಯ ಇಂಗ್‌ಸ್ಟಾಡ್ ದಂಪತಿಗೆ ಅವರ ಮನೆಗಳ ತಳಪಾಯ ಸಿಕ್ತು. ಅಲ್ಲಿ ದೊಡ್ಡ ದೊಡ್ಡ ಶಿಲಾಶಾಸನ ಏನೂ ಇರ್ಲಿಲ್ಲ, ಸಿಕ್ಕಿದ್ದು ಕಬ್ಬಿಣ ಕರಗಿಸಿದ ಕಿಟ್ಟ, ಬಟ್ಟೆಗೆ ಸಿಗಿಸ್ಕೊಳ್ಳೋ ಒಂದು ಕಂಚಿನ ಪಿನ್ನು, ನೂಲು ತೆಗೆಯೋ ಕದಿರಿನ ಬಿಲ್ಲೆ, ಅಷ್ಟು ಉತ್ತರದಲ್ಲಿ ಬೆಳೆಯದೇ ಇರೋ ಬಟರ್‌ನಟ್ ಕಾಯಿ. ಅಲ್ಲಿ ಕಡಿದ ಮರ 1021ನೇ ಇಸವಿಯದ್ದು ಅಂತ 2021ರಲ್ಲಿ ಮರದ ಉಂಗುರ ಎಣಿಸಿ ಕರಾರುವಾಕ್ಕಾಗಿ ಹೇಳಿದ್ರು, ಸರಿಯಾಗಿ ಸಾವಿರ ವರ್ಷ! ಆ ಕದಿರಿನ ಬಿಲ್ಲೆ ಬಗ್ಗೆ ಓದಿದಾಗ ನಂಗೆ ಅಳು ಬಂದ ಹಾಗಾಯ್ತು, ಯಾಕಂದ್ರೆ ನೂಲು ತೆಗೀತಿದ್ದೋರು ಹೆಂಗಸರು, ಅಂದ್ರೆ ಆ ಹಡಗಲ್ಲಿ ಹೆಂಗಸರೂ ಇದ್ದಿರಬೇಕು. ಪೆಸಿಫಿಕ್ ಕಡೆ ನೋಡಿದ್ರೆ ಗೆಣಸು. ದಕ್ಷಿಣ ಅಮೆರಿಕದ ಸಿಹಿ ಗೆಣಸು ಕೊಲಂಬಸ್‌ಗೆ ಮುಂಚೆನೇ ಪಾಲಿನೇಷಿಯಾದ ದ್ವೀಪಗಳಲ್ಲಿ ಇತ್ತು, ಕುಕ್ ದ್ವೀಪಗಳ ಮಂಗಾಯಾದಲ್ಲಿ ಸುಟ್ಟ ಗೆಣಸಿನ ತುಂಡೇ ಸಿಕ್ಕಿದೆ, ಪಾಲಿನೇಷಿಯಾದಲ್ಲಿ ಅದಕ್ಕೆ ಕುಮರ ಅಂತಾರೆ, ಆಂಡಿಸ್ ಕಡೆ ಕ್ವೆಚುವಾ ಭಾಷೆಯ ಹೆಸರೂ ಅದಕ್ಕೆ ಹತ್ತಿರ. 2020ರಲ್ಲಿ ಡಿಎನ್ಎ ನೋಡಿ ಸುಮಾರು 1200ರ ಹೊತ್ತಿಗೆ ಎರಡೂ ಕಡೆ ಜನ ಭೇಟಿಯಾಗಿ ಮಕ್ಕಳೂ ಆಗಿದ್ರು ಅಂತ ತೋರಿಸಿದಾರೆ.

ಇನ್ನು ನಮ್ಮ ಕಡೆಯದ್ದು. ನಮಗೆ ಸಮುದ್ರದ ಹಿರಿಮೆ ಬೇಕು ಅಂದ್ರೆ ದೇವಿ ಕೈಲಿರೋ ಹಣ್ಣನ್ನ ಜೋಳ ಮಾಡೋ ಅಗತ್ಯನೇ ಇಲ್ಲ ಅಂತ ಗೊತ್ತಾಗಿದ್ದು ಸೊಕೋತ್ರದ ಬಗ್ಗೆ ಓದಿದಾಗ. ಯೆಮನ್‌ಗೆ ಸೇರಿದ ಒಂದು ದ್ವೀಪ ಅದು, ಅಲ್ಲಿ ಹೊಕ್ ಅಂತ ಒಂದು ಗುಹೆ, ಎರಡು ಕಿಲೋಮೀಟರ್‌ಗೂ ಉದ್ದ, ಒಳಗೆ ಪೂರ್ತಿ ಕತ್ತಲೆ. ಬೆಲ್ಜಿಯಂನ ಗುಹೆ ಸಂಶೋಧಕರು ಸುಮಾರು 2000ನೇ ಇಸವಿ ಹೊತ್ತಿಗೆ ಒಳಗೆ ಹೋಗಿ ನೋಡಿದ್ರೆ, ಗೋಡೆ ಮೇಲೆ, ಸುಣ್ಣದ ಕಂಬಗಳ ಮೇಲೆ, ನೆಲದ ಮೇಲೆ ಇನ್ನೂರಕ್ಕೂ ಹೆಚ್ಚು ಬರಹ ಮತ್ತು ಚಿತ್ರಗಳು, ಅದರಲ್ಲಿ ಹೆಚ್ಚಿನವು ಬ್ರಾಹ್ಮಿ ಲಿಪಿಯಲ್ಲಿ. ಬರೆದೋರು ಭಾರತದ ಪಶ್ಚಿಮ ಕರಾವಳಿಯ ನಾವಿಕರು, ವ್ಯಾಪಾರಿಗಳು, ಕ್ರಿಸ್ತಶಕದ ಮೊದಲ ನಾಲ್ಕೈದು ಶತಮಾನದೋರು, ಗುಜರಾತಿನ ಭರೂಚ್ ಊರಿನ ಹೆಸರು ಅದರಲ್ಲೇ ಇದೆ. ಏನು ಬರೆದಿದಾರೆ ಗೊತ್ತಾ? ಇಂಥವನ ಮಗ ಇಂಥವನು ಬಂದಿದ್ದ. ಅಷ್ಟೇ. ಪಕ್ಕದಲ್ಲಿ ಹಡಗಿನ ಚಿತ್ರ. ಅದೇ ಗುಹೇಲಿ ಗ್ರೀಕ್, ಇಥಿಯೋಪಿಯಾದ ಬರಹ, ದಕ್ಷಿಣ ಅರೇಬಿಯಾದ ಬರಹ, ಸಿರಿಯಾದ ಪಲ್ಮೈರಾ ಊರಿನವನೊಬ್ಬ ಬಿಟ್ಟುಹೋದ ಮರದ ಹಲಗೆ. ಆ ಕತ್ತಲೇಲಿ ಪಂಜು ಹಿಡ್ಕೊಂಡು ಅಷ್ಟು ಒಳಗೆ ಹೋಗಿ, ಮಳೆಗಾಳಿ ತಿರುಗಿ ಊರಿಗೆ ಹೋಗೋವರೆಗೂ ಜೀವ ಇರ್ಲಪ್ಪ ಅಂತ ಬೇಡ್ಕೊಂಡು ಹೆಸರು ಗೀಚಿರಬೇಕು, ಹಾಗಂತ ನಂಗನ್ಸುತ್ತೆ. ಆ ಬರಹಗಳನ್ನ ಲಿಪಿ ಬಲ್ಲೋರು ಕೂತು ಓದಿದಾರೆ, ಫಿನೀಷಿಯನ್ನಾ ವೈಕಿಂಗಾ ಅಂತ ಜಗಳ ಆಗೋ ಪ್ರಶ್ನೆನೇ ಬರ್ಲಿಲ್ಲ.

ಕನ್ನಡ ನಾಡಿಗೇ ಸೇರಿದ್ದು ಬೇಕಾದ್ರೆ ಸುಮಾತ್ರಾಕ್ಕೆ ಹೋಗಿ. ಅಲ್ಲಿನ ಬಾರುಸ್ ಅನ್ನೋ ಬಂದರಿನಲ್ಲಿ 1088ರ ಒಂದು ತಮಿಳು ಶಾಸನ ಸಿಕ್ಕಿದೆ, ಕರ್ಪೂರ ಸಿಗ್ತಿದ್ದ ಜಾಗ ಅದು. ಶಾಸನದಲ್ಲಿರೋದು ಐನೂರ್ರುವರ್ ವರ್ತಕರ ಸಂಘ. ಯಾರು ಅವರು ಅಂದ್ರೆ ನಮ್ಮ ಶಾಸನಗಳಲ್ಲಿ ಬರೋ ಅಯ್ಯಾವೊಳೆ ಐನೂರ್ವರು, ಅಯ್ಯಾವೊಳೆ ಅಂದ್ರೆ ಬಾಗಲಕೋಟೆ ಜಿಲ್ಲೆಯ ಐಹೊಳೆ! ಮಲಪ್ರಭೆ ದಡದ ಆ ಊರಿನ ಹೆಸರು ಹೊತ್ತ ವರ್ತಕರ ಸಂಘ ಬಂಗಾಳ ಕೊಲ್ಲಿ ದಾಟಿ ಸುಮಾತ್ರಾದಲ್ಲಿ ಕಲ್ಲು ನೆಟ್ಟಿದೆ, ಸೋಮನಾಥಪುರದ ಗುಡಿ ಕಟ್ಟೋಕೆ 180 ವರ್ಷ ಮುಂಚೆ. ಈಜಿಪ್ಟಿನ ಬೆರೆನಿಕೆ ಬಂದರಿನ ದೇವಸ್ಥಾನದಲ್ಲಿ ಭಾರತದ ಗುಡಾಣವೊಂದರಲ್ಲಿ 7.5 ಕಿಲೋ ಕರಿಮೆಣಸು ಹಾಗೇ ಸಿಕ್ಕಿದೆ. ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕಿವೆ, ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ರೋಮನ್ ನಾಣ್ಯ ಇದೆ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕಿದ ಗ್ರೀಕ್ ಪ್ರಹಸನದ ವಿಷಯನೂ ಇದೆ, ಸೆರೆಯಾದ ಗ್ರೀಕ್ ಹುಡುಗಿನ ಬಿಡಿಸ್ಕೊಂಡು ಹೋಗೋಕೆ ಭಾರತದ ರಾಜನಿಗೂ ಅವನ ಕಡೆಯೋರಿಗೂ ದ್ರಾಕ್ಷಾರಸ ಕುಡಿಸಿ ಅಮಲೇರಿಸಿ ಹಡಗು ಹತ್ತೋ ಕಥೆ, ಅದರಲ್ಲಿ ಭಾರತೀಯರು ಆಡೋ ಮಾತು ಕನ್ನಡ ಅಂತ ಜರ್ಮನಿಯ ಶಾಸನ ವಿದ್ವಾಂಸ ಹುಲ್ಟ್ಶ್ 1904ರಲ್ಲಿ ಹೇಳಿದ್ರು, ನಮ್ಮ ಶಾಮಾಶಾಸ್ತ್ರಿಗಳು, ಗೋವಿಂದ ಪೈಗಳು ಅದರ ಮೇಲೆ ಕೆಲಸ ಮಾಡಿದ್ರು, ತುಳು ಅಂದೋರೂ ಇದಾರೆ, ನಗಿಸೋಕೆ ಹಾಕಿದ ಅರ್ಥವಿಲ್ಲದ ಶಬ್ದ ಅಂದೋರೂ ಇದಾರೆ. ಅದು ಕನ್ನಡನೇ ಆಗಿರ್ಲಿ ಅಂತ ನಂಗೆ ತುಂಬಾ ಆಸೆ. ಆಸೆ ಇದೆ ಅಂತ ಗೊತ್ತಿರೋದ್ರಿಂದಲೇ ಆ ವಿಷಯದಲ್ಲಿ ನನ್ನ ಕಿವಿನ ನಾನು ಪೂರ್ತಿ ನಂಬಲ್ಲ.

ಇದನ್ನೆಲ್ಲ ಗುಡಿ ಹಿಂದಿನ ಕೈಸಾಲೆಯ ನೆರಳಲ್ಲಿ ಕೂತು ದೊಡ್ಡಪ್ಪನಿಗೆ ಹೇಳ್ತಿದ್ದೆ. ಎಲೆ ಅಡಿಕೆ ಪೊಟ್ಟಣ ಚೀಲದಲ್ಲೇ ಇಟ್ಕೊಂಡು ಎಲ್ಲ ಕೇಳಿದ್ರು. ಆಮೇಲೆ "ಅಂಗಾರೆ ನಮ್ ರಾಗಿ? ಅದಾರಾ ನಮ್ದೇ ತಾನೆ?" ಅಂದ್ರು.

ನಂಗೆ ಹೇಳೋಕೆ ಸ್ವಲ್ಪ ಕಷ್ಟ ಆಯ್ತು. ರಾಗಿ ಪೂರ್ವ ಆಫ್ರಿಕಾದ ಬೆಟ್ಟದ ಸೀಮೆಯದ್ದು, ಇಥಿಯೋಪಿಯಾ, ಉಗಾಂಡಾ ಕಡೆಯದ್ದು. ಬಿಳಿಜೋಳನೂ ಆಫ್ರಿಕಾದ್ದು, ಸಜ್ಜೆನೂ, ಅಲಸಂದೆನೂ. ಸಾವಿರಾರು ವರ್ಷದ ಹಿಂದೆ ಅರಬ್ಬಿ ಸಮುದ್ರದ ಅಂಚಲ್ಲಿ ಕೈಯಿಂದ ಕೈಗೆ, ದೋಣಿಯಿಂದ ದೋಣಿಗೆ ದಾಟಿ ಬಂದಿದ್ದು, ಅದರ ಬಗ್ಗೆ ವಿಜ್ಞಾನಿಗಳಲ್ಲಿ ಜಗಳ ಇರೋದು ಯಾವಾಗ ಬಂತು ಅನ್ನೋದಕ್ಕೆ, ಎಲ್ಲಿಂದ ಬಂತು ಅನ್ನೋದಕ್ಕಲ್ಲ. ತಂದೋರು ಯಾವ ಬಂಡೆ ಮೇಲೂ ಏನೂ ಕೆತ್ತಿಲ್ಲ. ದೊಡ್ಡಪ್ಪ ತುಂಬ ಹೊತ್ತು ಸುಮ್ನಿದ್ರು. "ಯಾರೋ ಪುಣ್ಯಾತ್ಮ. ಬಿತ್ತನೆ ಕಾಳು ಹಸಿವಾದ್ರೂ ತಿನ್ನದಂಗೆ ಮಡಿಕ್ಕೊಂಡು ಬಂದವ್ನೆ" ಅಂದ್ರು. ಹಡಗಲ್ಲಿ ಬರೋವಾಗ ಹಸಿವಾಗಿರುತ್ತೆ ಅನ್ನೋದು, ಆದ್ರೂ ಅದನ್ನ ಮುಟ್ಟದೇ ತಂದಿರ್ತಾರೆ ಅನ್ನೋದು, ನಾನು ಓದಿದ ಒಂದು ಪೇಪರಲ್ಲೂ ಇರ್ಲಿಲ್ಲ.

ಹೊರಡೋ ಮುಂಚೆ ಇನ್ನೊಂದು ವಸ್ತು ತೋರಿಸಿದೆ. ಹೊರಗೋಡೆಯ ಮೂರ್ತಿಗಳ ಪೀಠದಲ್ಲಿ, ಕಾಲ ಕೆಳಗೆ, ಹಳೇ ಕನ್ನಡ ಅಕ್ಷರದಲ್ಲಿ ಕೆತ್ತಿದೋರ ಹೆಸರಿದೆ. ಮಲ್ಲಿತಮ್ಮ ಅನ್ನೋ ಹೆಸರೇ ಎಷ್ಟೋ ಕಡೆ, ಆಮೇಲೆ ಮಸಣಿತಮ್ಮ, ಬಾಲೆಯ, ಚೌಡೆಯ, ಬಾಮಯ, ನಂಜಯ. ಇವರು ರಾಜರಲ್ಲ, ದಂಡನಾಯಕರೂ ಅಲ್ಲ, ಉಳಿ ಹಿಡಿದು ದುಡಿದ ಜನ, ಆದ್ರೂ ತಮ್ಮ ಕೆಲಸದ ಕೆಳಗೆ ತಮ್ಮ ಹೆಸರು ಹಾಕೋ ಹಕ್ಕು ಅವರಿಗಿತ್ತು. ಆ ಹೆಸರುಗಳ ಮೇಲೇ ನಿಂತಿರೋ ಮೂರ್ತಿ ನೋಡಿ ನಾವು ಮೆಕ್ಸಿಕೋ ಅಂದ್ವಿ. ನಾನೂ ಇಪ್ಪತ್ತು ವರ್ಷ ಹಾಗೇ ಅಂದೆ, ಒಂದು ಸಲನೂ ಕೆಳಗೆ ಬಗ್ಗಿ ಆ ಹೆಸರು ಓದಿರಲಿಲ್ಲ. ಆರನೇ ಕ್ಲಾಸಲ್ಲಿ ನಮಗೆ ಜೋಳ ತೋರಿಸಿದ ಹಾಗೆ ಯಾರಾದ್ರೂ ಮಲ್ಲಿತಮ್ಮನ ಹೆಸರು ತೋರಿಸಿದ್ರೆ ಎಷ್ಟು ಚೆನ್ನಾಗಿರ್ತಿತ್ತು! ಮನೆಗೆ ಬಂದು ಅಪ್ಪನಿಗೆ ಅದನ್ನೇ ಹೇಳ್ತಿದ್ದೆ.

ದೊಡ್ಡಪ್ಪ ಓದಿರೋದು ಮೂರನೇ ಕ್ಲಾಸು. ಮಂಡಿಯೂರಿ ಕೂತು ಕಣ್ಣು ಸಣ್ಣ ಮಾಡಿ ನೋಡಿದ್ರು. ಹಳೇ ಅಕ್ಷರ ಅಲ್ವಾ, ಮೊದಲು ಗೊತ್ತಾಗ್ಲಿಲ್ಲ, ನಾನು ಮ ಇದು ಅಂತ ಬೆರಳು ತೋರಿಸಿದ ಮೇಲೆ ಒಂದೊಂದೇ ಅಕ್ಷರ ಕೂಡಿಸ್ಕೊಂಡು ಓದಿದ್ರು. "ಮಲ್ಲಿ... ತಮ್ಮ. ಅವ್ನ ಹೆಸ್ರ ಅವ್ನೇ ಬರ್ಕಂಡವ್ನೆ!" ಅಂತ ನನ್ನ ಕಡೆ ತಿರುಗಿ ನೋಡಿದ್ರು, ಆಮೇಲೆ ಮುಂದಿನ ಮೂರ್ತಿ ಹತ್ರ ಹೋಗಿ ಅಲ್ಲೂ ಕೂತ್ರು, ಅದರ ಮುಂದಿನದಕ್ಕೂ. ಗುಡಿ ಮುಚ್ಚೋ ಹೊತ್ತಾಯ್ತು ಅಂತ ಕಾವಲಿನೋರು ಬಂದು ಹೇಳೋವರೆಗೂ ನಾವು ಹೆಸರೇ ಹುಡುಕ್ತಿದ್ವಿ.

ತೆನೆ ವಾಪಸ್ ಚೀಲದಲ್ಲೇ ಬಂತು. ರಾತ್ರಿ ದೊಡ್ಡಮ್ಮ ಅದನ್ನ ಕೆಂಡದ ಮೇಲೆ ಸುಟ್ಟು, ಉಪ್ಪು ಖಾರ ನಿಂಬೆಹಣ್ಣು ಹಚ್ಚಿ, ಎರಡು ತುಂಡು ಮಾಡಿ ನಮಗೆ ಕೊಟ್ರು.